ಟೊಮೆಟೊ ಮಂಡಿಯ ಸರ್ವರ್‌ಗೆ ಎಪಿಕ್ಕೋ ಜಿಯಾನೋ? ನಾನು ಅಳೆದು ಆರಿಸಿದ್ದು ಹೀಗೆ

ಕೋಲಾರದ ಎಪಿಎಂಸಿಯಲ್ಲಿ ಹಲವು ಟೊಮೆಟೊ ಮಂಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಹರಾಜಿನಲ್ಲಿ ನಿಂತ ದರ, 15 ಕೆ.ಜಿ. ಬಾಕ್ಸ್ ಎಷ್ಟು, ಮಾಲು ಯಾವ ವ್ಯಾಪಾರಿಗೆ ಹೋಯಿತು, ರೈತರು ಪಡೆದ ಮುಂಗಡ, ಗಾಡಿ ಬಾಡಿಗೆ, ಹಮಾಲಿ ಎಲ್ಲ ಸೇರಿ ಕೊನೆಗೆ ಒಂದು ಚೀಟಿ ಬರಬೇಕು. ದಿನದ ಬಹುಪಾಲು ಹೊತ್ತು ಸರ್ವರ್‌ಗೆ ಹೆಚ್ಚು ಕೆಲಸವಿರುವುದಿಲ್ಲ. ಹರಾಜು ಶುರುವಾಯಿತೆಂದರೆ ಎಲ್ಲ ಮಂಡಿಗಳೂ ಒಂದೇ ಸಮಕ್ಕೆ ಅದರ ಮೇಲೆ ಬೀಳುತ್ತವೆ. ಆ ಹೊತ್ತಿನಲ್ಲಿ ಚೀಟಿ ತಡವಾದರೆ ರೈತರು ಕೌಂಟರ್ ಮುಂದೆ ಕಾಯುತ್ತಾರೆ, ಗುಮಾಸ್ತರು ಫೋನ್ ಮಾಡುತ್ತಾರೆ: "ಅಣ್ಣಾ, ಚೀಟಿ ಬರ್ತಿಲ್ಲ, ಗಾಡಿ ನಿಂತೈತೆ." ಹಳೆಯ ಯಂತ್ರ ಈ ಭಾರ ತಾಳುತ್ತಿರಲಿಲ್ಲ. 2023ರ ಸೀಸನ್ ಶುರುವಾಗುವ ಮೊದಲೇ ಬದಲಿಸಬೇಕೆಂದು ಕೂತೆ.

ಆ ಹೊತ್ತಿಗೆ ಎಪಿಕ್ ಪ್ರೊಸೆಸರ್ ಮಾಡುವ ಎಎಂಡಿ, ಜಿಯಾನ್ ಮಾಡುವ ಇಂಟೆಲ್, ಎರಡೂ ಕಂಪನಿಗಳ ಹೊಸ ತಲೆಮಾರಿನ ಚಿಪ್‌ಗಳು ಬಂದಿದ್ದವು. ಎಎಂಡಿಯ ಜಿನೋವಾ 2022ರ ನವೆಂಬರ್‌ನಲ್ಲಿ, ಇಂಟೆಲ್‌ನ ಸಫೈರ್ ರಾಪಿಡ್ಸ್ 2023ರ ಜನವರಿಯಲ್ಲಿ. ಎರಡಕ್ಕೂ ಡಿಡಿಆರ್5 ಮೆಮೊರಿಯೇ ಬೇಕು, ಅದು ಆಗ ದುಬಾರಿ. ನಮ್ಮ ಕೆಲಸಕ್ಕೆ ಅಷ್ಟು ಖರ್ಚು ಬೇಡವೆನಿಸಿ ಡಿಡಿಆರ್4 ಬಳಸುವ 2021ರ ತಲೆಮಾರಿಗೇ ನಿಂತೆ. ಕೊನೆಗೆ ಉಳಿದದ್ದು ಎರಡು: ಎಎಂಡಿ ಎಪಿಕ್ 7313ಪಿ ಮತ್ತು ಇಂಟೆಲ್ ಜಿಯಾನ್ ಸಿಲ್ವರ್ 4314. ಎರಡಕ್ಕೂ 16 ಕೋರ್ (ಲೆಕ್ಕ ಮಾಡುವ ಬಿಡಿ ಘಟಕಗಳು), 32 ಥ್ರೆಡ್ (ಒಟ್ಟಿಗೆ ಹಿಡಿಯಬಲ್ಲ ಕೆಲಸಗಳು). ಬಿಡುಗಡೆಯಾದಾಗ ಕಂಪನಿಗಳು ಸಾರಿದ ಬೆಲೆ ಎಪಿಕ್‌ಗೆ 913 ಡಾಲರ್, ಜಿಯಾನ್‌ಗೆ 694. ಅಂದಿನ ರೂಪಾಯಿ ಲೆಕ್ಕದಲ್ಲಿ ವ್ಯತ್ಯಾಸ ತೆರಿಗೆ ಬಿಟ್ಟು ಸುಮಾರು 18 ಸಾವಿರ.

ಮಾರಾಟಗಾರರೊಬ್ಬರು ಎರಡು ಯಂತ್ರಗಳನ್ನೂ ಪರೀಕ್ಷೆಗೆ ಕೊಟ್ಟರು. ಜಾಲದಲ್ಲಿ ಸಿಗುವ ಬೆಂಚ್‌ಮಾರ್ಕ್ ಅಂಕಗಳನ್ನು ಓದಿದೆ, ಆದರೆ ಅವುಗಳ ಮೇಲೆ ತೀರ್ಮಾನ ಮಾಡಲಿಲ್ಲ. ಹಿಂದಿನ ಸೀಸನ್‌ನಲ್ಲಿ ಆವಕ ಜೋರಾಗಿದ್ದ ಒಂದು ಬೆಳಗಿನ ಡೇಟಾಬೇಸ್ ಲಾಗ್ ನನ್ನ ಬಳಿ ಇತ್ತು. ರೈತರ ಹೆಸರು, ಫೋನ್ ನಂಬರ್ ಅಳಿಸಿ, ಅದನ್ನೇ ಎರಡೂ ಯಂತ್ರಗಳಲ್ಲಿ ಮತ್ತೆ ಓಡಿಸಿದೆ. ಮೊದಲು ನಿಜವಾಗಿ ನಡೆದ ವೇಗದಲ್ಲಿ, ಆಮೇಲೆ ಅದೇ ಬೆಳಗನ್ನು ಅರ್ಧ ಹೊತ್ತಿಗೆ, ಕಾಲು ಹೊತ್ತಿಗೆ ಹಿಂಡಿ. ಎರಡರಲ್ಲೂ ಅದೇ ಉಬುಂಟು ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್‌ಗೆ ಅದೇ ಪೋಸ್ಟ್‌ಗ್ರೆಸ್, ಅದೇ ಡಿಸ್ಕ್. ಸಿಪಿಯು ವೇಗ ನಿಯಂತ್ರಿಸುವ ಗವರ್ನರ್ ಎರಡಕ್ಕೂ ಪರ್ಫಾರ್ಮೆನ್ಸ್, ಅಂದರೆ ಪೂರ್ಣ ವೇಗ. ಪ್ರೊಸೆಸರ್‌ಗಳಲ್ಲಿ ಕಂಡ ಸುರಕ್ಷತಾ ದೋಷಗಳಾದ ಸ್ಪೆಕ್ಟರ್, ಮೆಲ್ಟ್‌ಡೌನ್ ನಂತರ ಬಂದ ಸುರಕ್ಷತಾ ತಡೆಗಳನ್ನು ಎಲ್ಲೂ ತೆಗೆಯಲಿಲ್ಲ. ಅವನ್ನು ತೆಗೆದು ಪಡೆದ ವೇಗ ಜನರ ಹಣದ ಲೆಕ್ಕ ಇಡುವ ಯಂತ್ರಕ್ಕೆ ಬೇಡ.

ಪರೀಕ್ಷೆಗೆ ಮುಂಚೆ ಒಂದು ವಿಷಯ ಸರಿಪಡಿಸಬೇಕಾಯಿತು. ಎರಡೂ ಯಂತ್ರಗಳು 64 ಜಿಬಿಯ ನಾಲ್ಕು ರ‍್ಯಾಮ್ ಸ್ಟಿಕ್‌ಗಳೊಂದಿಗೆ ಬಂದಿದ್ದವು. ಒಟ್ಟು 256 ಜಿಬಿ ಎಂದು ನೋಡಿದರೆ ಸರಿಯೇ. ಆದರೆ ಈ ಎರಡು ಪ್ರೊಸೆಸರ್‌ಗಳಿಗೂ ಮೆಮೊರಿ ಚಾನೆಲ್ ಎಂಟೆಂಟು. ನಾಲ್ಕೇ ಸ್ಟಿಕ್ ಹಾಕಿದರೆ ಅರ್ಧ ಚಾನೆಲ್ ಖಾಲಿ ಬೀಳುತ್ತದೆ, ಮೆಮೊರಿಯಿಂದ ಡೇಟಾ ಬರುವ ದಾರಿಯೂ ಅರ್ಧವಾಗುತ್ತದೆ. 32 ಜಿಬಿಯ ಎಂಟು ಸ್ಟಿಕ್ ಕೇಳಿ ತರಿಸಿಕೊಂಡೆ. ಎಂಟೂ ತುಂಬಿದಾಗ ಎಪಿಕ್ ಡಿಡಿಆರ್4-3200 ವೇಗದಲ್ಲಿ ಓಡುತ್ತದೆ, ಲೆಕ್ಕದ ಪ್ರಕಾರ ಸೆಕೆಂಡಿಗೆ 204.8 ಜಿಬಿ. ಅದೇ ಸ್ಟಿಕ್‌ಗಳನ್ನು ಸಿಲ್ವರ್ 4314ಕ್ಕೆ ಹಾಕಿದರೆ 2667ಕ್ಕೆ ಇಳಿಯುತ್ತವೆ, ಸುಮಾರು 170 ಜಿಬಿ. ಕೊಟೇಶನ್ ಕೈಗೆ ಬಂದರೆ ನಾನು ಈಗ ಪ್ರೊಸೆಸರ್ ಹೆಸರಿಗಿಂತ ಮೊದಲು ಸ್ಟಿಕ್‌ಗಳ ಸಂಖ್ಯೆ ನೋಡುತ್ತೇನೆ.

ನಿಜ ವೇಗದಲ್ಲಿ ಓಡಿಸಿದಾಗ ಎರಡರ ನಡುವೆ ಗುಮಾಸ್ತರ ಗಮನಕ್ಕೆ ಬರುವಂಥ ವ್ಯತ್ಯಾಸ ಇರಲಿಲ್ಲ. ಹಿಂಡಿದಾಗ ಎಪಿಕ್ ಸ್ಪಷ್ಟವಾಗಿ ಮುಂದಾಯಿತು. ಸರಾಸರಿಗಿಂತಲೂ ನಾನು ನೋಡಿದ್ದು ತೀರಾ ತಡವಾದ ಚೀಟಿಗಳನ್ನು, ಏಕೆಂದರೆ ಫೋನ್ ಬರುವುದು ಅವುಗಳಿಗಾಗಿಯೇ. ಜಿಯಾನ್‌ನಲ್ಲಿ ಭಾರ ಹೆಚ್ಚಿದಷ್ಟೂ ಈ ತಡವಾದವುಗಳ ಬಾಲ ಉದ್ದವಾಗುತ್ತಾ ಹೋಯಿತು. ಎಪಿಕ್‌ನಲ್ಲಿ ಅದು ಹಿಡಿತದಲ್ಲೇ ಇತ್ತು.

ಕಾರಣ ಹುಡುಕಿದರೆ ಎರಡು ಕಾಣುತ್ತವೆ. ಒಂದು, ಗಡಿಯಾರದ ವೇಗ. ಪೆಟ್ಟಿಗೆಯ ಮೇಲೆ ಬರೆದ ಗರಿಷ್ಠ ವೇಗದಲ್ಲಿ ಅಂತರ ಸಣ್ಣದು: ಎಪಿಕ್ 3.7 ಗಿಗಾಹರ್ಟ್ಸ್, ಜಿಯಾನ್ 3.4. ಆದರೆ ಆ ವೇಗ ಸಿಗುವುದು ಕೆಲವೇ ಕೋರ್‌ಗಳು ದುಡಿಯುವಾಗ. ಮೂಲ ವೇಗ ಎಪಿಕ್‌ಗೆ 3.0, ಜಿಯಾನ್‌ಗೆ 2.4. ಹದಿನಾರೂ ಕೋರ್ ಒಟ್ಟಿಗೆ ದುಡಿಯುವ ಹರಾಜಿನ ಹೊತ್ತಿಗೆ ಈ ಅಂತರವೇ ಮುಖ್ಯ. ಎರಡನೆಯದು ಕ್ಯಾಶ್. ಗುಮಾಸ್ತರ ಮೇಜಿನ ಮೇಲೇ ಇರುವ ಖಾತೆ ಪುಸ್ತಕದಂತೆ ಅದು, ಮೇಜು ದೊಡ್ಡದಾದಷ್ಟೂ ಬೀರುವಿಗೆ ಏಳುವ ಕೆಲಸ ಕಡಿಮೆ. ಎಪಿಕ್ 7313ಪಿಯಲ್ಲಿ ಮೂರನೇ ಹಂತದ ಕ್ಯಾಶ್ 128 ಎಂಬಿ, ಜಿಯಾನ್‌ನಲ್ಲಿ 24 ಎಂಬಿ. ಇಲ್ಲಿ ಒಂದು ಮಾತು ಸೇರಿಸಲೇಬೇಕು. ಆ 128 ಎಂಬಿ ಒಂದೇ ತುಂಡಲ್ಲ. ಪ್ರೊಸೆಸರ್‌ನೊಳಗಿನ ನಾಲ್ಕು ಸಣ್ಣ ಚಿಪ್, ಅಂದರೆ ಚಿಪ್ಲೆಟ್‌ಗಳಲ್ಲಿ 32 ಎಂಬಿಯಂತೆ ಹಂಚಿದೆ, ಒಂದೊಂದನ್ನು ನಾಲ್ಕು ಕೋರ್‌ಗಳು ಹಂಚಿಕೊಳ್ಳುತ್ತವೆ. ಜಿಯಾನ್‌ನ 24 ಎಂಬಿ ಹದಿನಾರೂ ಕೋರ್‌ಗಳಿಗೆ ಸಾಮಾನ್ಯ. ಅದರ ಎರಡನೇ ಹಂತದ ಕ್ಯಾಶ್ ಕೂಡ ದೊಡ್ಡದು: ಕೋರ್‌ಗೆ 1.25 ಎಂಬಿ, ಎಪಿಕ್‌ನಲ್ಲಿ ಅರ್ಧ ಎಂಬಿ. ಹಾಗಾಗಿ 128ನ್ನು 24ರಿಂದ ಭಾಗಿಸಿ ಐದು ಪಟ್ಟು ಎಂದು ಹಿಗ್ಗುವಂತಿಲ್ಲ. ಮಂಡಿಯ ಕೆಲಸದಲ್ಲಿ ಒಂದೊಂದು ಚೀಟಿಯೂ ಸಣ್ಣದು, ಬಿಡಿಬಿಡಿ. ಆದ್ದರಿಂದ ಈ ಹಂಚಿಕೆ ನಮಗೆ ಒಗ್ಗಿತು.

ಕರೆಂಟಿನ ಲೆಕ್ಕದಲ್ಲಿ ಜಿಯಾನ್ ಮೇಲು. ಅದರದು 135 ವ್ಯಾಟ್, ಎಪಿಕ್‌ನದು 155. ಗೋಡೆಯ ಪ್ಲಗ್‌ಗೆ ಮೀಟರ್ ಹಾಕಿ ನೋಡಿದಾಗ, ಕೆಲಸವಿಲ್ಲದೆ ಇರುವಾಗಲೂ ಎಪಿಕ್ ಹೆಚ್ಚು ಎಳೆಯುತ್ತಿತ್ತು. ಅದರ ಮಧ್ಯದಲ್ಲಿರುವ, ಮೆಮೊರಿ ಮತ್ತು ಡಿಸ್ಕ್‌ಗಳ ವ್ಯವಹಾರ ನೋಡಿಕೊಳ್ಳುವ ಚಿಪ್ ಹಳೆಯ 14 ನ್ಯಾನೋಮೀಟರ್ ತಂತ್ರದ್ದು, ಅದು ಸದಾ ಎಚ್ಚರವಾಗಿರುತ್ತದೆ. 20 ವ್ಯಾಟ್ ವ್ಯತ್ಯಾಸ ವರ್ಷವಿಡೀ ಇತ್ತೆಂದೇ ಹಿಡಿದರೂ 175 ಯೂನಿಟ್. ಯೂನಿಟ್‌ಗೆ 10 ರೂಪಾಯಿ ಎಂದಿಟ್ಟುಕೊಂಡರೆ ವರ್ಷಕ್ಕೆ 1,750 ರೂಪಾಯಿ. ಬೆಸ್ಕಾಂ ಬಿಲ್ಲಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಯುಪಿಎಸ್. ಕರೆಂಟ್ ಹೋದಾಗ ಜನರೇಟರ್ ಎದ್ದೇಳುವವರೆಗೆ ಅದು ತಡೆಯಬೇಕು. ನಮ್ಮದರಲ್ಲಿ ಅಷ್ಟು ಶಕ್ತಿ ಇತ್ತು.

ಇನ್ನು ಕೊಟ್ಟ ಹಣಕ್ಕೆ ತಕ್ಕ ಫಲ ಎಂಬ ಪ್ರಶ್ನೆ. ಚಿಪ್‌ಗೆ ಚಿಪ್ ಇಟ್ಟರೆ ಜಿಯಾನ್ ಅಗ್ಗ. ಮೆಮೊರಿ, ಡಿಸ್ಕ್, ಎರಡು ಪವರ್ ಸಪ್ಲೈ, ಸರ್ವಿಸ್ ಒಪ್ಪಂದ, ಶೇ 18ರ ಜಿಎಸ್‌ಟಿ ಸೇರಿ ಲಕ್ಷಗಳಾದ ಮೇಲೆ ಆ 18 ಸಾವಿರ ಸಣ್ಣದಾಗಿ ಕಾಣುತ್ತದೆ. ಇನ್ನೊಂದು ರೀತಿಯಲ್ಲೂ ನೋಡಿದೆ. ಇಂಟೆಲ್‌ನಲ್ಲೇ 16 ಕೋರ್‌ಗಳನ್ನು ಹೆಚ್ಚು ವೇಗದಲ್ಲಿ ಪಡೆಯಬೇಕೆಂದರೆ ಮುಂದಿನ ಮೆಟ್ಟಿಲು ಗೋಲ್ಡ್ 6326. ಮೂಲ ವೇಗ 2.9, ಕಂಪನಿಯ ಬೆಲೆ 1,300 ಡಾಲರ್, 185 ವ್ಯಾಟ್. ಹಾಗೆ ನೋಡಿದರೆ 913 ಡಾಲರಿನ ಎಪಿಕ್ಕೇ ಅಗ್ಗ, ಕರೆಂಟೂ ಕಡಿಮೆ. ನಮ್ಮಲ್ಲಿ ವಿಂಡೋಸ್ ಸರ್ವರ್ ಕೂಡ ಒಂದು ವರ್ಚುವಲ್ ಯಂತ್ರದಲ್ಲಿ (ಸರ್ವರ್ ಒಳಗೇ ಸಾಫ್ಟ್‌ವೇರ್ ಕಟ್ಟಿದ ಯಂತ್ರ) ಓಡುತ್ತದೆ. ಅದರ ಪರವಾನಗಿ ಕೋರ್ ಲೆಕ್ಕದ್ದು, ಕನಿಷ್ಠ 16 ಕೋರ್ ಕೊಳ್ಳಲೇಬೇಕು. 16ರಲ್ಲೇ ನಿಂತದ್ದಕ್ಕೆ ಅದೂ ಒಂದು ಕಾರಣ. ಎಪಿಕ್‌ನ 128 ಪಿಸಿಐಇ (ಡಿಸ್ಕ್, ಕಾರ್ಡ್ ಜೋಡಿಸುವ ದಾರಿ) ಲೇನ್‌ಗಳಿಗಾಗಲಿ, ಜಿಯಾನ್‌ನ ಒಂದೇ ಆದೇಶಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಎವಿಎಕ್ಸ್-512 ಸೌಲಭ್ಯಕ್ಕಾಗಲಿ ನಾನು ಅಂಕ ಕೊಡಲಿಲ್ಲ. ನಾಲ್ಕು ಎನ್‌ವಿಎಂಇ ಡಿಸ್ಕ್‌ಗೆ 16 ಲೇನ್ ಸಾಕು, ಜಿಯಾನ್‌ನ 64ರಲ್ಲೂ ಮಿಕ್ಕುತ್ತದೆ. ನಮ್ಮ ಪ್ರೋಗ್ರಾಂ ಎವಿಎಕ್ಸ್-512 ಬಳಸುವುದೇ ಇಲ್ಲ.

ಎಪಿಕ್ ಕೊಂಡೆವು. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿ ಊರೆಲ್ಲ ಅದೇ ಮಾತಾಗಿದ್ದಾಗ ಸರ್ವರ್ ಮಾತ್ರ ಹಾಯಾಗಿತ್ತು. ದರ ಏರಿದ್ದೇ ಆವಕ ಕಡಿಮೆಯಾಗಿ. ಯಂತ್ರಕ್ಕೆ ಭಾರವಾಗುವುದು ಬಾಕ್ಸ್‌ಗಳ ರಾಶಿ ಹೆಚ್ಚಿ ದರ ಬಿದ್ದ ದಿನಗಳಲ್ಲಿ, ರೈತರಿಗೆ ಚೀಟಿ ಬೇಗ ಸಿಕ್ಕಿ ಮನೆ ಸೇರಿದರೆ ಸಾಕೆನಿಸುವ ದಿನಗಳಲ್ಲಿ. ಅಂಥ ದಿನಗಳಲ್ಲೂ ಅದು ತಡವರಿಸಿಲ್ಲ.

ಇದನ್ನೆಲ್ಲ ಕೇಳಿ, ಇದೇ ಊರಿನ ಕಾಲೇಜೊಂದರ ಸರ್ವರ್ ನೋಡಿಕೊಳ್ಳುವ ಗೆಳೆಯರು ತಾವೂ ಎಪಿಕ್ ತರಿಸಲೇ ಎಂದು ಕೇಳಿದರು. ಅವರಲ್ಲಿ ಇರುವುದೆಲ್ಲ ಇಂಟೆಲ್ ಯಂತ್ರಗಳು, ವರ್ಚುವಲ್ ಯಂತ್ರ ನಡೆಸುವ ವಿಎಂವೇರ್‌ನಲ್ಲಿ ಒಂದೇ ಗುಂಪಾಗಿ ಕಟ್ಟಿದ್ದಾರೆ. ಓಡುತ್ತಿರುವ ವರ್ಚುವಲ್ ಯಂತ್ರವನ್ನು ನಿಲ್ಲಿಸದೆ ಇಂಟೆಲ್‌ನಿಂದ ಎಎಂಡಿಗೆ ಸಾಗಿಸಲಾಗದು, ಮೊದಲು ಅದನ್ನು ಆಫ್ ಮಾಡಬೇಕು. ವಿದ್ಯಾರ್ಥಿಗಳ ಪರೀಕ್ಷೆಯ ದಿನಗಳಲ್ಲಿ ಅದು ಅವರಿಗೆ ಆಗುವ ಮಾತಲ್ಲ. ಅವರಿಗೆ 4314ನ್ನೇ ತೆಗೆದುಕೊಳ್ಳಿ, ಮೆಮೊರಿ ಮಾತ್ರ ಎಂಟು ಸ್ಟಿಕ್ ಎಂದು ಆರ್ಡರ್‌ನಲ್ಲೇ ಬರೆಸಿ ಎಂದೆ.