ಠಾಣೆಯ ನಾಗರಿಕ ಸಮಿತಿಯಿಂದ ಲಿಖಿತ ನಿಯಮ ಹೊರಡಿಸುವ ಬಗೆ

ನಾಗರಿಕರನ್ನು ಕರೆದು ಕೂರಿಸುವ ಸಭೆಗಳಿಗೆ ಕರ್ನಾಟಕದ ಪೊಲೀಸ್ ಠಾಣೆಗಳಲ್ಲಿ ಕೊರತೆಯಿಲ್ಲ. ಗಣೇಶ ಚತುರ್ಥಿ ಮತ್ತು ಈದ್ ಮಿಲಾದ್ ಹತ್ತಿರವಾದಾಗ ಶಾಂತಿ ಸಭೆ ನಡೆಯುತ್ತದೆ. ಠಾಣೆಯ ವ್ಯಾಪ್ತಿಯನ್ನು ಹಂಚಿ ಒಂದೊಂದು ಭಾಗವನ್ನು ಒಬ್ಬೊಬ್ಬ ಪೊಲೀಸರಿಗೆ ವಹಿಸುವ ಸುಧಾರಿತ ಬೀಟ್ ವ್ಯವಸ್ಥೆ 2017ರಲ್ಲಿ ಜಾರಿಯಾದ ಮೇಲೆ ಬೀಟ್ ಸದಸ್ಯರ ಸಭೆಗಳು ಸೇರಿಕೊಂಡವು. ಪರಿಶಿಷ್ಟ ಜಾತಿ ಮತ್ತು ಪಂಗಡದವರ ಕುಂದುಕೊರತೆ ಸಭೆ ಬೇರೆಯೇ ಇದೆ. ಬೆಂಗಳೂರಿನಲ್ಲಿ ಮಾಸಿಕ ಜನಸಂಪರ್ಕ ದಿವಸವೂ ನಡೆಯುತ್ತದೆ. ಆದರೆ ಚಹಾ ಕುಡಿದು, ಗುಂಪು ಫೋಟೊ ತೆಗೆದು, ಅದನ್ನು ವಾಟ್ಸ್‌ಆ್ಯಪ್‌ಗೆ ಹಾಕಿ ಎಲ್ಲರೂ ಮನೆಗೆ ಹೋದ ಮೇಲೆ ಆ ಸಭೆಯಿಂದ ಠಾಣೆಯ ಯಾವ ಕ್ರಮ ಬದಲಾಯಿತು ಎಂದು ಕೇಳಿದರೆ ತೋರಿಸಲು ಸಾಮಾನ್ಯವಾಗಿ ಒಂದು ಹಾಳೆಯೂ ಸಿಗುವುದಿಲ್ಲ. ಇಂಥ ಸಭೆಯನ್ನು ಠಾಣೆಯ ಕಾರ್ಯನೀತಿಯ ಮೇಲೆ ಪ್ರಭಾವ ಬೀರಬಲ್ಲ ಸಲಹಾ ಸಮಿತಿಯಾಗಿ ನಡೆಸಬೇಕೆಂದಿರುವ ಬಡಾವಣೆಯ ಸಂಘಗಳು, ಕಾರ್ಮಿಕ ಸಂಘಟನೆಗಳು ಮತ್ತು ಮಹಿಳಾ ಗುಂಪುಗಳಿಗಾಗಿ ಈ ಮಾರ್ಗದರ್ಶಿ.

ಸಮಿತಿಯ ಅಧಿಕಾರದ ಅಳತೆ

ಪೊಲೀಸ್ ಸುಧಾರಣೆ ಕುರಿತ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ನೀಡಿದ ನಿರ್ದೇಶನಗಳ ನಂತರ ಕರ್ನಾಟಕವು ತನ್ನ 1963ರ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು, ರಾಜ್ಯ ಭದ್ರತಾ ಆಯೋಗಕ್ಕೂ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳಿಗೂ ಅವಕಾಶ ಮಾಡಿತು. ಠಾಣೆಯ ಮಟ್ಟದ ನಾಗರಿಕ ಸಮಿತಿ ಇವೆರಡರ ಸಾಲಿಗೆ ಸೇರುವುದಿಲ್ಲ. ಅದು ತನಿಖೆ ಮಾಡುವಂತಿಲ್ಲ, ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಕೈಗೊಳ್ಳುವಂತಿಲ್ಲ. ಕೇರಳದಲ್ಲಿ 2008ರಲ್ಲಿ ಜನಮೈತ್ರಿ ಸುರಕ್ಷಾ ಯೋಜನೆಯಾಗಿ ಶುರುವಾದ, ಜನ ಮತ್ತು ಪೊಲೀಸರನ್ನು ಹತ್ತಿರ ತರುವ ಕೆಲಸಕ್ಕೆ ಅಲ್ಲಿನ 2011ರ ಪೊಲೀಸ್ ಕಾಯ್ದೆಯಲ್ಲಿಯೇ ಜಾಗ ದೊರೆತು, ಸಮುದಾಯ ಸಂಪರ್ಕ ಸಮಿತಿಗಳ ಪ್ರಸ್ತಾಪ ಬಂದಿತು. ನಮ್ಮಲ್ಲಿನ ಸಭೆಗಳು ಬಹುಮಟ್ಟಿಗೆ ಇಲಾಖೆಯ ಸುತ್ತೋಲೆ ಮತ್ತು ಅಧಿಕಾರಿಯ ಆಸಕ್ತಿಯನ್ನು ನಂಬಿಕೊಂಡಿವೆ. ಆದ್ದರಿಂದ ಸಮಿತಿಯ ಬಲವೆಲ್ಲ ಅದರ ಬರವಣಿಗೆಯಲ್ಲಿದೆ: ಸಲಹೆಯನ್ನು ಬರೆದು ಕೊಡುವುದು, ಉತ್ತರವನ್ನು ಬರವಣಿಗೆಯಲ್ಲಿಯೇ ಕೇಳುವುದು, ಉತ್ತರ ಬಾರದಿದ್ದರೆ ಅದನ್ನೂ ಬರೆದಿಡುವುದು.

ಯಾವ ಬೇಡಿಕೆಯನ್ನು ಯಾರ ಮುಂದಿಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳದಿದ್ದರೆ ತಿಂಗಳುಗಟ್ಟಲೆ ಕಾಲ ವ್ಯರ್ಥವಾಗುತ್ತದೆ. ಬೀಟ್ ಪೊಲೀಸರು ಯಾವ ಹೊತ್ತಿಗೆ ಯಾವ ರಸ್ತೆಗೆ ಬರಬೇಕು, ಅರ್ಜಿ ಪಡೆಯುವ ಮೇಜು ಎಲ್ಲಿರಬೇಕು, ಠಾಣೆಯ ಗೋಡೆಯ ಮೇಲೆ ಯಾವ ಮಾಹಿತಿ ಕಾಣಬೇಕು ಎಂಬಂಥವನ್ನು ಇನ್‌ಸ್ಪೆಕ್ಟರ್ ತಮ್ಮ ಹಂತದಲ್ಲಿಯೇ ಬದಲಿಸಬಲ್ಲರು. ಹಲವು ಠಾಣೆಗಳಿಗೆ ಅನ್ವಯಿಸುವ ಸಂಗತಿ ನಗರದಲ್ಲಾದರೆ ಎಸಿಪಿ, ಡಿಸಿಪಿಯವರಿಗೆ, ಜಿಲ್ಲೆಯಲ್ಲಾದರೆ ಡಿವೈಎಸ್‌ಪಿ, ಎಸ್‌ಪಿಯವರಿಗೆ ಹೋಗಬೇಕು. ಸಂಚಾರ, ಮೆರವಣಿಗೆ ಮತ್ತು ಸಾರ್ವಜನಿಕ ಸ್ಥಳಗಳ ನಿಯಂತ್ರಣದ ಆದೇಶಗಳು ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಸೆಕ್ಷನ್ ಅಡಿಯಲ್ಲಿ ಹೊರಡುವಂಥವು. ಬೆಂಗಳೂರಿನ ಪ್ರತಿಭಟನೆಗಳ ಕುರಿತ 2021ರ ಆದೇಶ ಅದೇ ಸೆಕ್ಷನ್ನಿನದು. ಅಂಥ ಆದೇಶದಲ್ಲಿ ಬದಲಾವಣೆ ಬೇಕಿದ್ದರೆ ಇನ್‌ಸ್ಪೆಕ್ಟರ್ ಅವರನ್ನು ಒತ್ತಾಯಿಸಿ ಪ್ರಯೋಜನವಿಲ್ಲ. ಸಿಬ್ಬಂದಿಯ ಸಂಖ್ಯೆ, ಹೊಸ ಠಾಣೆ, ವಾಹನ ಇವೆಲ್ಲ ಸರ್ಕಾರದ ಬಾಬತ್ತು.

ಸದಸ್ಯರು ಯಾರು

ಸದಸ್ಯರ ಆಯ್ಕೆಯನ್ನು ಠಾಣೆಗೇ ಬಿಟ್ಟರೆ ಬರುವವರು ಯಾರೆಂದು ಎಲ್ಲರಿಗೂ ಗೊತ್ತು: ಕಲ್ಯಾಣ ಮಂಟಪದ ಮಾಲೀಕರು, ಪಕ್ಷಗಳ ವಾರ್ಡ್ ಮಟ್ಟದ ಪದಾಧಿಕಾರಿಗಳು, ವರ್ತಕರ ಸಂಘದ ಅಧ್ಯಕ್ಷರು ಮತ್ತು ಯಾವ ಕೆಲಸಕ್ಕೂ ಠಾಣೆಯ ಹತ್ತಿರವೇ ಸುಳಿದಾಡುವ ಒಂದಿಬ್ಬರು. ಇವರಿಗೆ ಪೊಲೀಸರೊಡನೆ ಮಾತನಾಡಲು ಸಮಿತಿಯ ಅಗತ್ಯವೇ ಇಲ್ಲ. ಒಂದು ಫೋನ್ ಕರೆ ಸಾಕು. ಪೊಲೀಸರ ದಿನನಿತ್ಯದ ನಡವಳಿಕೆ ಯಾರ ಬದುಕನ್ನು ತಟ್ಟುತ್ತದೋ ಅವರು ಬೇಕು: ಬೀದಿ ವ್ಯಾಪಾರಿಗಳು, ಆಟೊ ಚಾಲಕರು, ಪೌರಕಾರ್ಮಿಕರು, ರಾತ್ರಿ ಪಾಳಿ ಮುಗಿಸಿ ನಡೆದು ಬರುವ ಗಾರ್ಮೆಂಟ್ಸ್ ಮಹಿಳೆಯರು, ಪಿಜಿಗಳಲ್ಲಿರುವ ವಿದ್ಯಾರ್ಥಿಗಳು, ಶೆಡ್‌ಗಳಲ್ಲಿರುವ ವಲಸೆ ಕಟ್ಟಡ ಕಾರ್ಮಿಕರು, ಲಿಂಗತ್ವ ಅಲ್ಪಸಂಖ್ಯಾತರು. 1970 ಮತ್ತು 1984ರಲ್ಲಿ ಗಲಭೆಯಲ್ಲಿ ಬೆಂದ ಮಹಾರಾಷ್ಟ್ರದ ಭಿವಂಡಿಯಲ್ಲಿ 1988ರ ಸುಮಾರಿಗೆ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆ ಮೊಹಲ್ಲಾ ಸಮಿತಿಗಳನ್ನು ಕಟ್ಟಿದಾಗ ನೆಚ್ಚಿಕೊಂಡದ್ದು ಹಿಂದೂ, ಮುಸ್ಲಿಂ ಎರಡೂ ಸಮುದಾಯಗಳ ಸಾಮಾನ್ಯ ಜನರನ್ನು, ಅದೂ ಹಬ್ಬಕ್ಕೊಮ್ಮೆ ಅಲ್ಲದೆ ವರ್ಷವಿಡೀ ಸೇರುವ ಸಭೆಗಳನ್ನು. 1992-93ರಲ್ಲಿ ಪಕ್ಕದ ಮುಂಬೈ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿಯೇ ಇತ್ತು. ಅದಕ್ಕೆ ಸಮಿತಿಗಳೊಂದೇ ಕಾರಣವೆಂದು ಹೇಳುವುದು ಅತಿಯಾದೀತು, ಆದರೂ ಆ ರಚನೆಯನ್ನು ಗಮನಿಸುವುದು ಒಳ್ಳೆಯದು.

ಅದೇ ಠಾಣೆಯಲ್ಲಿ ಪ್ರಕರಣ ಬಾಕಿಯಿರುವವರು, ಅವರು ಆರೋಪಿಯಾಗಿರಲಿ ದೂರುದಾರರಾಗಿರಲಿ, ಆ ಅವಧಿಗೆ ಹೊರಗಿರುವುದು ಲೇಸು. ಇಲ್ಲವಾದರೆ ಪ್ರತಿ ಸಭೆಯೂ ಅವರ ಪ್ರಕರಣದ ಸುತ್ತಲೇ ತಿರುಗುತ್ತದೆ. ಸದಸ್ಯತ್ವಕ್ಕೆ ಅವಧಿ ಗೊತ್ತುಮಾಡಬೇಕು, ಎರಡು ವರ್ಷ ಸಾಕು. ಅಧ್ಯಕ್ಷತೆಯನ್ನು ಅಧಿಕಾರಿಯೊಬ್ಬರಿಗೇ ಬಿಡದೆ ನಾಗರಿಕರೊಬ್ಬರನ್ನು ಸಹಾಧ್ಯಕ್ಷರನ್ನಾಗಿ ಇಟ್ಟುಕೊಳ್ಳಬೇಕು. ಅಮೆರಿಕದ ಲಾಸ್ ಏಂಜಲೀಸ್ ನಗರದ ಪೊಲೀಸ್ ವಲಯಗಳಲ್ಲಿರುವ ಸಲಹಾ ಮಂಡಳಿಗಳನ್ನು ಆಯಾ ವಲಯದ ಅಧಿಕಾರಿ ಮತ್ತು ಒಬ್ಬ ನಾಗರಿಕರು ಜೊತೆಯಾಗಿ ನಡೆಸುವ ಪದ್ಧತಿಯಿದೆ. ಕಾರ್ಯಸೂಚಿಯನ್ನು ಸಿದ್ಧಪಡಿಸುವುದು ಸಹಾಧ್ಯಕ್ಷರ ಕೆಲಸವಾಗಬೇಕು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಸಮಿತಿಯ ಸದಸ್ಯರು ಯಾವ ಕಾರಣಕ್ಕೂ ಪೊಲೀಸರ ಕೆಲಸ ಮಾಡಬಾರದು: ಗಸ್ತಿಗೆ ಹೋಗುವುದು, ನಾಕಾಬಂದಿಯಲ್ಲಿ ನಿಂತು ವಾಹನ ತಡೆಯುವುದು, ಯಾರನ್ನಾದರೂ ಠಾಣೆಗೆ ಕರೆತರುವುದು, ಎದೆಯ ಮೇಲೆ ಪೊಲೀಸ್ ಎಂದು ಬರೆದ ಗುರುತಿನ ಚೀಟಿ ತೂಗಿಸಿಕೊಳ್ಳುವುದು, ಇವೆಲ್ಲ ಬೇಡ. ತಮಿಳುನಾಡಿನಲ್ಲಿ ರಾಮನಾಥಪುರದಿಂದ 1993ರಲ್ಲಿ ಶುರುವಾದ ಪೊಲೀಸ್ ಮಿತ್ರರ ಯೋಜನೆಗೆ ಬಹಳ ಕಾಲ ಒಳ್ಳೆಯ ಹೆಸರಿತ್ತು. 2020ರಲ್ಲಿ ಸಾತ್ತಾನ್‌ಕುಳಂ ಠಾಣೆಯ ಪೊಲೀಸರು ಬಂಧಿಸಿದ್ದ ತಂದೆ ಮತ್ತು ಮಗ ಸಾವಿಗೀಡಾದ ಪ್ರಕರಣದಲ್ಲಿ ಅಂಥ ಸ್ವಯಂಸೇವಕರ ಪಾತ್ರದ ಬಗ್ಗೆಯೂ ಆರೋಪಗಳು ಕೇಳಿಬಂದು, ಅದೇ ವರ್ಷದ ಜುಲೈಯಲ್ಲಿ ಸರ್ಕಾರ ಆ ಯೋಜನೆಯನ್ನು ನಿಲ್ಲಿಸಿತು. ಸಲಹೆ ಕೊಡುವವರು ಲಾಠಿಯ ಹತ್ತಿರ ಹೋದ ಕ್ಷಣದಿಂದ ಜನ ಅವರನ್ನು ಪೊಲೀಸರ ಕಡೆಯವರೆಂದೇ ಎಣಿಸುತ್ತಾರೆ, ಆಮೇಲೆ ಅವರ ಬಳಿ ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ.

ದೂರಿನಿಂದ ನಿಯಮಕ್ಕೆ

ಸಮಿತಿಯ ನಿಜವಾದ ಕೆಲಸ ಇದು, ಹೆಚ್ಚು ಸಮಯವನ್ನು ಇದಕ್ಕೇ ಕೊಡಬೇಕು. ಸಭೆಯಲ್ಲಿ ಜನ ಹೇಳುವುದು ಸಹಜವಾಗಿಯೇ ತಮ್ಮ ತಮ್ಮ ದೂರುಗಳನ್ನು. ಅಧಿಕಾರಿಯೂ ಅಲ್ಲೇ ಸಿಬ್ಬಂದಿಯನ್ನು ಕರೆದು, ಇವರ ಕೆಲಸ ನೋಡಿ ಎಂದು ಹೇಳಿ ಮುಗಿಸಿಬಿಡುತ್ತಾರೆ. ಆ ಒಬ್ಬರ ಕೆಲಸ ಆಗಬಹುದು, ಆದರೆ ಮರುದಿನ ಸಭೆಯ ಪರಿಚಯವಿಲ್ಲದ ಇನ್ನೊಬ್ಬರು ಅದೇ ಮೇಜಿನ ಮುಂದೆ ಅದೇ ತೊಂದರೆ ಅನುಭವಿಸುತ್ತಾರೆ. ಆದ್ದರಿಂದ ಪ್ರತಿ ದೂರನ್ನೂ ಕೇಳಿದ ಮೇಲೆ, ಇದು ಯಾರಿಗೂ ಆಗದಂತೆ ಠಾಣೆಯಲ್ಲಿ ಯಾವ ಕ್ರಮ ಇರಬೇಕಿತ್ತು ಎಂಬ ಪ್ರಶ್ನೆಯನ್ನು ಹಾಕಿಕೊಳ್ಳಬೇಕು.

ಉದಾಹರಣೆಗೆ, ತೀರಾ ಸಾಮಾನ್ಯವಾದ ದೂರೊಂದನ್ನು ನೋಡೋಣ. ಮಹಿಳೆಯೊಬ್ಬರು ಮನೆ ಮಾಲೀಕರ ಕಿರುಕುಳದ ಬಗ್ಗೆ ಅರ್ಜಿ ಬರೆದುಕೊಂಡು ಹೋಗುತ್ತಾರೆ. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಅದನ್ನು ತೆಗೆದುಕೊಂಡು, ಸಾಹೇಬರು ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ಬನ್ನಿ ಎನ್ನುತ್ತಾರೆ. ಎಫ್‌ಐಆರ್ ಆಗುವುದಿಲ್ಲ, ವಾರಂಟ್ ಇಲ್ಲದೆ ಬಂಧಿಸಲಾಗದ ಅಪರಾಧಗಳಿಗೆ ಬರೆಯುವ ಎನ್‌ಸಿಆರ್ ಕೂಡ ಆಗುವುದಿಲ್ಲ, ಸ್ವೀಕೃತಿಯೂ ಇಲ್ಲ. ವಾರದ ನಂತರ ಕೇಳಿದರೆ ಅರ್ಜಿಯೇ ಸಿಗುವುದಿಲ್ಲ. ಸಭೆಯಲ್ಲಿ ಇದನ್ನು ರೈಟರ್ ಮೇಲಿನ ಆಪಾದನೆಯಾಗಿ ಎತ್ತಿದರೆ ಅಧಿಕಾರಿ ತಮ್ಮ ಸಿಬ್ಬಂದಿಯ ಪರ ನಿಲ್ಲುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದರ ಬದಲು ಹೀಗೆ ಬರೆಯಬಹುದು: "ಠಾಣೆಗೆ ಬರುವ ಪ್ರತಿಯೊಂದು ಲಿಖಿತ ಅರ್ಜಿಗೂ ಅದೇ ದಿನ ಕ್ರಮಸಂಖ್ಯೆ, ದಿನಾಂಕ ಹಾಗೂ ಪಡೆದ ಸಿಬ್ಬಂದಿಯ ಹೆಸರು ಇರುವ ಸ್ವೀಕೃತಿ ನೀಡತಕ್ಕದ್ದು, ಪ್ರಕರಣ ದಾಖಲಿಸದೆ ಅರ್ಜಿಯನ್ನು ಮುಕ್ತಾಯಗೊಳಿಸಿದಲ್ಲಿ ಕಾರಣಸಹಿತ ಹಿಂಬರಹವನ್ನು ಅರ್ಜಿದಾರರಿಗೆ 15 ದಿನಗಳೊಳಗೆ ನೀಡತಕ್ಕದ್ದು, ಈ ಕ್ರಮವನ್ನು ಅರ್ಜಿ ಪಡೆಯುವ ಮೇಜಿನ ಮೇಲೆ ಕನ್ನಡದಲ್ಲಿ ಪ್ರದರ್ಶಿಸತಕ್ಕದ್ದು." ಈ ಮೂರು ಭಾಗಗಳಲ್ಲಿ ಯಾರ ಹೆಸರೂ ಇಲ್ಲ, ಆಪಾದನೆಯೂ ಇಲ್ಲ. ಯಾರು, ಯಾವಾಗ, ಏನು ಮಾಡಬೇಕು ಎಂಬುದಿದೆ, ಮಾಡಿದರೋ ಇಲ್ಲವೋ ಎಂಬುದನ್ನು ಯಾರು ಬೇಕಾದರೂ ಹೋಗಿ ನೋಡಬಹುದು. ಸಲಹೆಯ ಕೊನೆಯಲ್ಲಿ ಪರಿಶೀಲನೆಯ ದಿನಾಂಕವನ್ನೂ ಸೇರಿಸಬೇಕು. ಮೂರು ತಿಂಗಳ ನಂತರ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಹಿಂಬರಹ ಹೋಯಿತು ಎಂಬ ಲೆಕ್ಕವನ್ನು ಇನ್‌ಸ್ಪೆಕ್ಟರ್ ಸಭೆಗೆ ತರಬೇಕು.

ಹೀಗೆ ಬರೆಯುವಾಗ ಕಾನೂನಿನ ಮಿತಿಯನ್ನು ಮರೆಯಬಾರದು. ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಅದರ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಮೊದಲು ರಾಜಿ ಮಾಡಿಸಿ, ಆಮೇಲೆ ಎಫ್‌ಐಆರ್ ಎಂಬ ಸಲಹೆಯನ್ನು ಕೆಲವು ಸಮಿತಿಗಳು ಸದುದ್ದೇಶದಿಂದಲೇ ಕೊಡುವುದುಂಟು, ಅದು ಕಾನೂನಿಗೆ ವಿರುದ್ಧ. ರಾಜಿ ಪಂಚಾಯಿತಿಗೆ ಸಮಿತಿಯ ಸದಸ್ಯರೇ ಕೂರುವುದಂತೂ ಇನ್ನೂ ಕೆಟ್ಟದ್ದು.

ಹೊಸ ನಿಯಮ ಕೇಳುವ ಮುನ್ನ ಇರುವ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಸಮಿತಿಗೆ ಒಳ್ಳೆಯ ಆರಂಭ. ಬಂಧಿತರ ವಿವರಗಳನ್ನು ನಿರ್ವಹಿಸಲು ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೊಬ್ಬರು ಇರಬೇಕು, ಆ ವಿವರ ಎದ್ದು ಕಾಣುವಂತೆ ಪ್ರದರ್ಶನವಾಗಬೇಕು ಎಂದು ಅದೇ ಸಂಹಿತೆಯ 37ನೇ ಸೆಕ್ಷನ್ ಹೇಳುತ್ತದೆ. ಆ ಫಲಕ ಎಲ್ಲಿದೆ ಎಂದು ಮೊದಲ ಸಭೆಯಲ್ಲಿಯೇ ಕೇಳಬಹುದು. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದ 2020ರ ತೀರ್ಪು ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಅಳವಡಿಸಿ, ದೃಶ್ಯಾವಳಿಯನ್ನು 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೆ ಕನಿಷ್ಠ ಒಂದು ವರ್ಷ ಕಾಪಾಡಬೇಕೆಂದು ಆದೇಶಿಸಿದೆ. ಕ್ಯಾಮೆರಾ ಕೆಟ್ಟರೆ ಯಾರು, ಯಾರಿಗೆ, ಎಷ್ಟು ದಿನದೊಳಗೆ ವರದಿ ಮಾಡುತ್ತಾರೆ ಎಂದು ಕೇಳಿದರೆ ಚರ್ಚೆಗೆ ಬೇಕಾದಷ್ಟು ವಿಷಯ ಸಿಗುತ್ತದೆ.

ಹಬ್ಬದ ಸಭೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಗಣೇಶೋತ್ಸವಕ್ಕೆ ಎರಡು ದಿನ ಇರುವಾಗ ನಡೆಯುವ ಶಾಂತಿ ಸಭೆಯಲ್ಲಿ ಸೌಹಾರ್ದದ ಭಾಷಣಗಳಷ್ಟೇ ಸಾಧ್ಯ. ಕನಿಷ್ಠ ಒಂದು ತಿಂಗಳು ಮೊದಲೇ ಸೇರಿ, ವಿಸರ್ಜನೆಯ ಮಾರ್ಗವನ್ನು ಯಾವ ಮಾನದಂಡದ ಮೇಲೆ ನಿಗದಿಪಡಿಸುತ್ತಾರೆ, ರಾತ್ರಿ 10ರ ನಂತರದ ಧ್ವನಿವರ್ಧಕಕ್ಕೆ ಎಲ್ಲ ಸಮುದಾಯಗಳಿಗೂ ಒಂದೇ ಕ್ರಮವಿದೆಯೇ, ಅನುಮತಿ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡುತ್ತಾರೆಯೇ ಎಂಬುದನ್ನು ಲಿಖಿತವಾಗಿ ಪಡೆದರೆ ಮೆರವಣಿಗೆಯ ದಿನ ಬೀದಿಯಲ್ಲಿ ವಾದಿಸುವ ಪ್ರಸಂಗ ಕಡಿಮೆಯಾಗುತ್ತದೆ.

ಸಭೆ ಮತ್ತು ನಡಾವಳಿ

ಸಭೆಯನ್ನು ಠಾಣೆಯೊಳಗೆ ನಡೆಸದಿರುವುದು ಒಳ್ಳೆಯದು. ಸರ್ಕಾರಿ ಶಾಲೆ, ಗ್ರಂಥಾಲಯ, ವಾರ್ಡ್ ಕಚೇರಿ ಯಾವುದಾದರೂ ಆದೀತು. ದಿನಗೂಲಿಯವರು ಬರಬೇಕಾದರೆ ಸಂಜೆ ಆರೂವರೆಯ ನಂತರ ಇಡಬೇಕು. ಒಂದು ಸಭೆಗೆ ಎರಡು ವಿಷಯಗಳಿಗಿಂತ ಹೆಚ್ಚು ಬೇಡ.

ನಡಾವಳಿಯನ್ನು ನಾಗರಿಕ ಸದಸ್ಯರೇ ಬರೆಯಬೇಕು. ಅದರಲ್ಲಿ ಭಾಷಣಗಳ ಸಾರ ಬೇಕಿಲ್ಲ. ಕೊಟ್ಟ ಸಲಹೆ, ಅಧಿಕಾರಿಯ ಉತ್ತರ, ಹೊಣೆ ಹೊತ್ತವರ ಹುದ್ದೆ, ಗಡುವು ಇಷ್ಟೇ ಸಾಕು. ಅಧಿಕಾರಿ ಒಪ್ಪದಿದ್ದರೆ ಆ ಕಾರಣವನ್ನು ಅವರ ಮಾತಿನಲ್ಲಿಯೇ ದಾಖಲಿಸಬೇಕು, ಏಕೆಂದರೆ ಎಷ್ಟೋ ಸಲ ಕಾರಣ ನ್ಯಾಯವಾಗಿಯೇ ಇರುತ್ತದೆ: ಇಡೀ ಠಾಣೆಗೆ ರಾತ್ರಿ ಪಾಳಿಗೆ ಇರುವವರೇ ಬೆರಳೆಣಿಕೆಯ ಸಿಬ್ಬಂದಿಯಾದರೆ ಪ್ರತಿ ಬಸ್ ನಿಲ್ದಾಣದಲ್ಲೂ ಒಬ್ಬರನ್ನು ನಿಲ್ಲಿಸಿ ಎಂಬ ಬೇಡಿಕೆಗೆ ಅರ್ಥವಿಲ್ಲ. ವಾರದೊಳಗೆ ನಡಾವಳಿಯ ಪ್ರತಿಯನ್ನು ಠಾಣೆಗೆ ಕೊಟ್ಟು ಸೀಲು, ಸಹಿ ಹಾಕಿಸಿಕೊಂಡು, ಇನ್ನೊಂದನ್ನು ಎಸಿಪಿ ಅಥವಾ ಡಿವೈಎಸ್‌ಪಿ ಕಚೇರಿಗೆ ಸಲ್ಲಿಸಬೇಕು. ಕಿರುಕುಳ ಅನುಭವಿಸಿದವರ ಹೆಸರು, ವಿಳಾಸಗಳು ಅದರಲ್ಲಿ ಸೇರದಂತೆ ನೋಡಿಕೊಳ್ಳಬೇಕು.

ಅಂಕಿಅಂಶ ಕೇಳಿದರೂ ಸಿಗದಿದ್ದಾಗ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಇದನ್ನು ಬೆದರಿಕೆಯಂತೆ ಬಳಸದೆ, ಮುಂದಿನ ಸಭೆಗೆ ಬೇಕಾದ ಲೆಕ್ಕಕ್ಕಾಗಿ ಎಂದು ಮೊದಲೇ ತಿಳಿಸಿ ಹಾಕಿದರೆ ಸಂಬಂಧ ಕೆಡುವುದಿಲ್ಲ. ಸಿಬ್ಬಂದಿಯ ದುರ್ವರ್ತನೆಯ ಗಂಭೀರ ದೂರುಗಳನ್ನಾದರೆ ಸಮಿತಿಯಲ್ಲಿ ಚರ್ಚಿಸದೆ ನೇರವಾಗಿ ಪೊಲೀಸ್ ದೂರು ಪ್ರಾಧಿಕಾರಕ್ಕೆ ಕಳುಹಿಸಬೇಕು.

ವರ್ಗಾವಣೆ

ಒಳ್ಳೆಯ ಸಮಿತಿಗಳು ನಿಂತುಹೋಗುವುದು ಹೆಚ್ಚಾಗಿ ಇನ್‌ಸ್ಪೆಕ್ಟರ್ ಬದಲಾದಾಗ. ಹಿಂದಿನವರು ಬಾಯಿಮಾತಿನಲ್ಲಿ ಒಪ್ಪಿದ್ದೆಲ್ಲ ಅವರ ಜೊತೆಯೇ ಹೋಗುತ್ತದೆ. ಆದ್ದರಿಂದ ಜಾರಿಗೆ ಬಂದ ಪ್ರತಿ ಕ್ರಮವನ್ನೂ ಠಾಣೆಯ ಲಿಖಿತ ಆದೇಶವಾಗಿ, ಸಾಧ್ಯವಾದರೆ ಮೇಲಧಿಕಾರಿಯ ಜ್ಞಾಪನವಾಗಿ ಹೊರಡಿಸಲು ಕೇಳಿ, ಅವುಗಳ ಪ್ರತಿಗಳನ್ನು ಒಂದು ಕಡತದಲ್ಲಿ ದಿನಾಂಕವಾರು ಜೋಡಿಸಿಡಬೇಕು. ಹೊಸ ಅಧಿಕಾರಿ ಅಧಿಕಾರ ವಹಿಸಿಕೊಂಡ ವಾರದಲ್ಲಿಯೇ ಹಾರ, ಶಾಲುಗಳಿಲ್ಲದೆ ಇಬ್ಬರು ಸದಸ್ಯರು ಹೋಗಿ ಆ ಕಡತದ ನಕಲನ್ನು ಕೊಟ್ಟು, ಮುಂದಿನ ಸಭೆಯ ದಿನಾಂಕವನ್ನು ಅವರ ಡೈರಿಯಲ್ಲಿ ಬರೆಸಿಕೊಂಡು ಬರಬೇಕು.