ನಮ್ಮ ಕನ್ನಡ ಕ್ಲಾಸಿಗೆ ಬಂದ ಮೆಲ್ ಬ್ರೂಕ್ಸ್

ನ್ಯೂಜೆರ್ಸಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಹನ್ನೊಂದು ಮಕ್ಕಳು, ಎಲ್ಲ ಹತ್ತರಿಂದ ಹದಿಮೂರರೊಳಗೆ. ಒತ್ತಕ್ಷರ ಕಂಡರೆ ಮುಗ್ಗರಿಸುತ್ತಾರೆ. ಅವರಿಗೆ ಓದೋಕೆ ಎರಡೆರಡು ಪುಟದ ಪಾಠಗಳನ್ನು ನಾನೇ ಬರೆಯುತ್ತೇನೆ. ಜಾತ್ರೆ, ಗದ್ದೆ, ಬೆಟ್ಟ ಅಂತ ಬರೆದಾಗೆಲ್ಲ ಮುಖ ಬಾಡುತ್ತಿತ್ತು. ಅವರಿಗೆ ಗೊತ್ತಿರುವ ಜಾಗದವರನ್ನೇ ಕನ್ನಡಕ್ಕೆ ತರೋಣ ಅನ್ನಿಸಿತು. ನ್ಯೂಯಾರ್ಕಿನ ಬ್ರೂಕ್ಲಿನ್ ಇಲ್ಲೇ ಹತ್ತಿರ. ಹಾಗಾಗಿ ಅಲ್ಲಿ ಹುಟ್ಟಿ ಬೆಳೆದ ಹಾಸ್ಯನಟ ಮೆಲ್ ಬ್ರೂಕ್ಸ್.

ಮೊದಲು ಬರೆದದ್ದು ಕೆಟ್ಟದಾಗಿತ್ತು. ‘ಎಮ್ಮಿ, ಗ್ರ್ಯಾಮಿ, ಆಸ್ಕರ್, ಟೋನಿ ಪ್ರಶಸ್ತಿ ನಾಲ್ಕನ್ನೂ ಪಡೆದ ಹಾಸ್ಯನಟ, ನಿರ್ದೇಶಕ’ ಅಂತ ಶುರು ಮಾಡಿದ್ದೆ. ಎರಡನೇ ಸಾಲಿಗೇ ಒಬ್ಬ ಆಕಳಿಸಿದ.

ಮತ್ತೆ ಬರೆದೆ. 1926ರಲ್ಲಿ ಮೆಲ್ವಿನ್ ಕಮಿನ್ಸ್ಕಿ ಅನ್ನೋ ಹುಡುಗ ಹುಟ್ಟಿದ. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡರು. ಅಮ್ಮ ಒಬ್ಬರೇ ನಾಲ್ಕು ಗಂಡುಮಕ್ಕಳನ್ನು ಸಾಕಿದರು, ಇವನೇ ಕಿರಿಯವ. ಮುಂದೆ ಅಮ್ಮನ ತವರಿನ ಹೆಸರು ಬ್ರುಕ್ಮನ್ ಅನ್ನೋದನ್ನು ಮೊಟಕು ಮಾಡಿ ಬ್ರೂಕ್ಸ್ ಅಂತ ಇಟ್ಟುಕೊಂಡ. ಸ್ಕೂಲಿನಲ್ಲಿ ದಿನಾ ತನ್ನ ಉದ್ದ ಹೆಸರನ್ನು ಕತ್ತರಿಸಿಕೊಳ್ಳುವ ನಮ್ಮ ಕ್ಲಾಸಿನ ಹುಡುಗನೊಬ್ಬ ಅದನ್ನು ಓದಿ ತಲೆ ಎತ್ತಿದ. ಎರಡನೇ ಮಹಾಯುದ್ಧ ಬಂತು. ಸೈನ್ಯ ಸೇರಿ ಯುರೋಪಿಗೆ ಹೋದವನಿಗೆ ನೆಲದಲ್ಲಿ ಹೂತ ಬಾಂಬುಗಳನ್ನು ಹುಡುಕಿ ತೆಗೆಯುವ ಕೆಲಸ. ಅಲ್ಲಿವರೆಗೆ ‘ಅವನು’ ಅಂತ ಬರೆದವಳು ಅಲ್ಲಿಂದ ‘ಅವರು’ ಅಂತ ಬರೆದೆ.

ಆದರೆ ಒಂದು ಮಾತು ಬಿಟ್ಟಿದ್ದೆ. ಅವರು ಯಹೂದಿ ಅಂತ ಎಲ್ಲೂ ಬರೆದಿರಲಿಲ್ಲ. ಕನ್ನಡ ಪಾಠದಲ್ಲಿ ಇದೆಲ್ಲ ಯಾಕೆ, ಭಾರ ಆಗುತ್ತೆ ಅಂದುಕೊಂಡಿದ್ದೆ. 1967ರ ಅವರ ಸಿನಿಮಾ ‘ದಿ ಪ್ರೊಡ್ಯೂಸರ್ಸ್’ ವಿಷಯ ಬಂದಾಗ ಸಿಕ್ಕಿಬಿದ್ದೆ. ಅದರಲ್ಲಿ ಇಬ್ಬರು, ಬೇಕಂತಲೇ ಸೋಲಲಿ ಅಂತ, ಹಿಟ್ಲರನ ಬಗ್ಗೆ ಹಾಡು ಕುಣಿತದ ನಾಟಕ ಮಾಡುತ್ತಾರೆ. ಜನ ಬಿದ್ದು ಬಿದ್ದು ನಗುತ್ತಾರೆ, ನಾಟಕ ಗೆದ್ದುಬಿಡುತ್ತೆ. ಒಬ್ಬಳು ಕೇಳಿದಳು: “ಅಷ್ಟು ಕೆಟ್ಟವನ ಬಗ್ಗೆ ಯಾಕೆ ಜೋಕ್ ಮಾಡಿದ್ರು, ಆಂಟಿ?” ಬಿಟ್ಟ ಆ ಮಾತಿಲ್ಲದೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ, ಅಲ್ವಾ?

ಮುಂದಿನ ವಾರ ಮೂರು ಸಾಲು ಸೇರಿಸಿದೆ. ಬ್ರೂಕ್ಸ್ ಅವರದು ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬ. ಹಿಟ್ಲರನ ನಾಜಿಗಳು ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದರು. ಅಂಥವನ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ, ಜನ ಅವನನ್ನು ನೋಡಿ ನಗಬೇಕು ಅನ್ನೋದು ಬ್ರೂಕ್ಸ್ ಲೆಕ್ಕ. ಅವಳು ಓದಿ “ಆದ್ರೂ...” ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ಇನ್ನು ಜೋಕುಗಳು. ‘ಸ್ಪೇಸ್‌ಬಾಲ್ಸ್’ ಸಿನಿಮಾದಲ್ಲಿ ‘ಸ್ಟಾರ್ ವಾರ್ಸ್’ನ ಯೋಡಾನನ್ನು ಅಣಕಿಸೋಕೆ ಯೋಗರ್ಟ್ ಅನ್ನೋ ಮುದುಕ ಇದ್ದಾನೆ, ಬ್ರೂಕ್ಸ್ ಅವರದೇ ಪಾತ್ರ. ಕನ್ನಡದಲ್ಲಿ ಆ ಪದದಾಟ ಸತ್ತೇಹೋಗುತ್ತೆ. ಸುಮ್ನೆ ‘ಮೊಸರಜ್ಜ’ ಅಂತ ಬರೆದೆ. ಐದು ನಿಮಿಷ ಕ್ಲಾಸಿನಲ್ಲಿ ನಗು ನಿಲ್ಲಲಿಲ್ಲ. (ದೊಡ್ಡವರ ಸಿನಿಮಾಗಳನ್ನು ಮುಟ್ಟಲೇ ಇಲ್ಲ. ‘ಬ್ಲೇಜಿಂಗ್ ಸ್ಯಾಡಲ್ಸ್’ ಅಂತೂ ಬೇಡವೇ ಬೇಡ, ಬೈಗುಳ ಜಾಸ್ತಿ.)

ಕೈ ಹಿಡಿದದ್ದು 1976ರ ‘ಸೈಲೆಂಟ್ ಮೂವಿ’. ಮೂಕಿಗಳ ಕಾಲ ಮುಗಿದು ನಲವತ್ತೈದು ವರ್ಷದ ಮೇಲೆ ಬ್ರೂಕ್ಸ್ ಒಂದು ಮೂಕಿ ತೆಗೆದರು, ನಾಯಕನೂ ಅವರೇ. ಇಡೀ ಚಿತ್ರದಲ್ಲಿ ಮಾತಾಡುವುದು ಒಬ್ಬರೇ, ಮಾರ್ಸೆಲ್ ಮಾರ್ಸೋ, ಜಗತ್ತಿಗೆಲ್ಲ ಗೊತ್ತಿದ್ದ ಮೂಕಾಭಿನಯದ ಕಲಾವಿದ! ನಮ್ಮ ಚಿತ್ರದಲ್ಲಿ ನಟಿಸ್ತೀರಾ ಅಂತ ಫೋನಿನಲ್ಲಿ ಕೇಳಿದರೆ ಆತ “ನೋಂ!” ಅನ್ನುತ್ತಾರೆ, ಅಂದರೆ ಫ್ರೆಂಚಿನಲ್ಲಿ ‘ಇಲ್ಲ’. ಏನಂದ್ರು ಅಂತ ಗೆಳೆಯರು ಕೇಳಿದರೆ ಬ್ರೂಕ್ಸ್ ಉತ್ತರ, ಪರದೆ ಮೇಲಿನ ಬರಹದಲ್ಲಿ: ಗೊತ್ತಿಲ್ಲ, ನನಗೆ ಫ್ರೆಂಚ್ ಬರಲ್ಲ. ಮಾರ್ಸೋ ಕೂಡ ಯಹೂದಿ. ಅವರ ತಂದೆಯನ್ನು ನಾಜಿಗಳು ಆಶ್‌ವಿಟ್ಜ್‌ನಲ್ಲಿ ಕೊಂದರು. ಯುದ್ಧದ ಹೊತ್ತಿನಲ್ಲಿ ಯಹೂದಿ ಮಕ್ಕಳನ್ನು ಗಡಿ ದಾಟಿಸಿ ಸ್ವಿಟ್ಜರ್‌ಲೆಂಡಿಗೆ ಮುಟ್ಟಿಸೋಕೆ ಮಾರ್ಸೋ ನೆರವಾಗಿದ್ದರು. ಇದನ್ನು ಓದುವಾಗ ಯಾರೂ ಮುಗ್ಗರಿಸಲಿಲ್ಲ. ನಿಧಾನಕ್ಕೆ ಓದಿದರು.

ಒಂದೇ ಮಾತಿರುವ ನಾಟಕ ಬರೆದು ತನ್ನಿ ಅಂತ ಹೋಂವರ್ಕ್ ಕೊಟ್ಟೆ. ಆಕಳಿಸಿದ್ದ ಹುಡುಗ ತಂದ ನಾಟಕ ಇದು: ಹಾಸನದ ಅಜ್ಜಿ ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆ ಕೈ ಬಾಯಿ ಆಡಿಸುತ್ತಾಳೆ. ಮೊಮ್ಮಗ “ಹೂಂ” ಅನ್ನುತ್ತಾನೆ. ಆಮೇಲೆ ಅಮ್ಮ ಒಂದು ಚೀಟಿ ತೋರಿಸುತ್ತಾಳೆ, ‘ಅಜ್ಜಿ ಏನಂದ್ರು?’ ಅವನೂ ಒಂದು ಚೀಟಿ ತೋರಿಸುತ್ತಾನೆ, ‘ಗೊತ್ತಿಲ್ಲ, ನಂಗೆ ಕನ್ನಡ ಬರಲ್ಲ.’

ಎಲ್ಲ ಕನ್ನಡದಲ್ಲೇ ಬರೆದಿದ್ದ. ‘ಗೊತ್ತಿಲ್ಲ’ದಲ್ಲಿ ಮಾತ್ರ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು.