ಡೈರೆಕ್ಟರಿಯಲ್ಲಿ ಅಲಿಯಾಸ್ ನಮೂದಿಗೆ ಹೆಸರಿಡುವ ಕ್ರಮ

ತುಮಕೂರಿನ ಕಾಲೇಜೊಂದರ ಎಲ್‌ಡಿಎಪಿ ಡೈರೆಕ್ಟರಿಯಲ್ಲಿ (ಜನರ ವಿವರಗಳನ್ನು ಮರದ ಕೊಂಬೆಗಳಂತೆ ಜೋಡಿಸಿಡುವ ಗಣಕ ದಾಖಲೆಯಲ್ಲಿ), ತಿಪಟೂರು ಶಾಖೆಯ ಉಪನ್ಯಾಸಕರೊಬ್ಬರು ಶಿರಾದಲ್ಲೂ ಪಾಠ ಮಾಡುತ್ತಿದ್ದರೆ, ಅವರ ಮೂಲ ನಮೂದನ್ನು ತಿಪಟೂರಿನ ಅಡಿಯಲ್ಲೇ ಉಳಿಸಿಕೊಂಡು, ಅದರತ್ತ ಬೆರಳು ತೋರುವ ಅಲಿಯಾಸ್ ಒಂದನ್ನಷ್ಟೇ ಶಿರಾದ ಅಡಿಯಲ್ಲಿ ಇಡಬೇಕು. ಅಲಿಯಾಸ್‌ಗೂ ಮೂಲದ ಯುಐಡಿಯನ್ನೇ (ಬಳಕೆದಾರರ ಗುರುತಿನ ಹೆಸರನ್ನೇ) ಕೊಡುವುದು ಒಳ್ಳೆಯದು. ಹೆಸರಿಗೆ ‘ಶಿರಾ-2’ ಎಂಬಂಥ ಬಾಲ ಅಂಟಿಸಿದರೆ ಒಬ್ಬರೇ ಇಬ್ಬರಾಗಿ ಕಾಣುತ್ತಾರೆ.

ಎಲ್‌ಡಿಎಪಿಯ ಮಾನದಂಡ ದಾಖಲೆಯಾದ ಆರ್‌ಎಫ್‌ಸಿ 4512ರ ಪ್ರಕಾರ ‘ಅಲಿಯಾಸ್’ ವರ್ಗವು (ನಮೂದಿನಲ್ಲಿ ಯಾವ ಮಾಹಿತಿ ಇರಬೇಕೆಂದು ಹೇಳುವ ನಮೂನೆ) ಕಡ್ಡಾಯವಾಗಿ ಕೇಳುವುದು ಗುರಿಯ ಪೂರ್ಣ ಹೆಸರನ್ನು ಹೊತ್ತ ‘ಅಲಿಯಾಸ್ಡ್‌ಆಬ್ಜೆಕ್ಟ್‌ನೇಮ್’ ಎಂಬುದನ್ನು ಮಾತ್ರ. ಯುಐಡಿಗೆ ಆ ವರ್ಗದಲ್ಲಿ ಜಾಗವಿಲ್ಲದ ಕಾರಣ, ಓಪನ್‌ಎಲ್‌ಡಿಎಪಿ ಎಂಬ ಡೈರೆಕ್ಟರಿ ತಂತ್ರಾಂಶದಲ್ಲಿ, ಬೇರೆ ಮಾಹಿತಿಗೂ ಎಡೆಕೊಡುವ ‘ಎಕ್ಸ್‌ಟೆನ್ಸಿಬಲ್‌ಆಬ್ಜೆಕ್ಟ್’ ವರ್ಗವನ್ನೂ ಸಾಮಾನ್ಯವಾಗಿ ಜೊತೆಗೆ ಸೇರಿಸುತ್ತಾರೆ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಲಿಯಾಸ್‌ನ ಕೆಳಗೆ ಬೇರೆ ನಮೂದು ಇರಕೂಡದು. ಮೂಲ ನಮೂದಿನ ಹೆಸರು ಬದಲಾದಾಗ ಅಲಿಯಾಸ್ ತಾನಾಗಿಯೇ ಸರಿಹೋಗುತ್ತದೆಂದು ನೆಚ್ಚಿಕೊಳ್ಳದೆ, ಅದರ ಗುರಿಯನ್ನು ಕೈಯಾರೆ ತಿದ್ದಬೇಕು.